ಮಾತು ಬಿಟ್ಟವರ ಖಾನಾವಳಿ

ದೌಂಡಿನ ಹಳೆಯ ಖಾನಾವಳಿಯ ಭೀಮರಾಯರೂ ಅವರ ಹೆಂಡತಿ ತುಂಗಕ್ಕನೂ ಪರಸ್ಪರ ಮಾತು ಬಿಟ್ಟು ಎಷ್ಟೋ ವರ್ಷಗಳಾದವೆಂದು ಊರೆಲ್ಲ ನಂಬಿತ್ತು. ಏನು ಹೇಳುವುದಿದ್ದರೂ ಊಟಕ್ಕೆ ಕೂತವರ ಮೂಲಕವೇ ಹೇಳಿಸುತ್ತಿದ್ದರು. ಪುಣೆಯ ಕಾಲೇಜಿನಲ್ಲಿ ಓದಿದ ನನಗೆ ಅದು ಗಿರಾಕಿಗಳನ್ನು ಸೆಳೆಯುವ ಆಟವೆಂದೇ ಅನಿಸಿತ್ತು. ಆದರೆ ಆ ದಿನ ಅಡುಗೆಮನೆಯ ಬಾಗಿಲಲ್ಲಿ ಬಟ್ಟೆಯ ಗಂಟೊಂದಿತ್ತು. ತುಂಗಕ್ಕ ಸಂಜೆಯ ರೈಲಿಗೆ ಸೊಲ್ಲಾಪುರದ ಅಣ್ಣನ ಮನೆಗೆ ಹೊರಟಿದ್ದರು, ಇನ್ನು ಮರಳಿ ಬರುವುದಿಲ್ಲವೆಂದು.

ಸಾರು ಬಡಿಸುತ್ತ ರಾಯರು ನನಗೆ ಹೇಳಿದರು: “ಸಾಹೇಬ್ರ, ಒಳಗಿದ್ದವರಿಗೆ ಹೇಳ್ರಿ, ಗಾಡ್ಯಾಗ ಇವತ್ತ ಭಾಳ ಗದ್ದಲ ಅದ ಅಂತ.”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು: “ನಿಂತು ಹೋಗ್ತಾರಂತ ಹೇಳ್ರಿ.”

“ಅವರ ಮೊಣಕಾಲು ಬ್ಯಾನಿ ಅದ, ನಿಲ್ಲೂದು ಆಗೂದಿಲ್ಲಂತ ಹೇಳ್ರಿ.”

“ಇಷ್ಟ ವರ್ಷ ಒಲಿ ಮುಂದ ನಿಂತಾಗ ಆ ಮೊಣಕಾಲು ಕಾಣಲಿಲ್ಲೇನು, ಕೇಳ್ರಿ!”

ರಾಯರು ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಸಾರು ಸುರಿಯುತ್ತಲೇ ಇದ್ದರು. ಎಲೆ ದಾಟಿ ಅದು ನನ್ನ ಧೋತರದವರೆಗೆ ಬಂತು.

ಸಂಜೆ ನನ್ನದೂ ಅದೇ ಗಾಡಿ. ತುಂಗಕ್ಕನಿಗೆ ಕಿಟಕಿಯ ಪಕ್ಕದಲ್ಲೇ ಜಾಗ ಸಿಕ್ಕಿತ್ತು. ಹೊರಗೆ ರಾಯರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮತ್ತೆ ಸುದ್ದಿ ಮುಟ್ಟಿಸುವ ಕೆಲಸ ಬಿತ್ತೆಂದುಕೊಂಡು ಹತ್ತಿರ ಹೋದೆ. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಾರ್ಡ್ ಶಿಳ್ಳೆ ಊದಿದಾಗಲೂ ಅವರಿಬ್ಬರ ಮಾತು ಮುಗಿದಿರಲಿಲ್ಲವಾದ್ದರಿಂದ ರಾಯರೂ ಗಾಡಿ ಹತ್ತಿದರು.