ಹುಳುಮನೆಯ ಹೊಸ್ತಿಲು, ಅಜ್ಜಿಯ ಮಂಡಿ

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ 'ಮಂಡಿ' ಎಂಬ ತಲೆಬರಹದ ಹನ್ನೊಂದು ಪುಟಗಳಿವೆ. ಎಡಗಡೆ ವಾರ, ನಡುವೆ ಚಿಕಿತ್ಸೆ, ಬಲಗಡೆ ಬೆರಳು. ಅಜ್ಜಿ ಚಾಪೆಯ ಮೇಲೆ ಕುಳಿತು ಬಲಗಾಲನ್ನು ಆದಷ್ಟು ಮಡಿಸುತ್ತಿದ್ದಳು. ಹಿಮ್ಮಡಿಗೂ ತೊಡೆಗೂ ನಡುವೆ ಉಳಿದ ಸಂದಿನಲ್ಲಿ ನಾನು ಬೆರಳಿಟ್ಟು ಎಣಿಸುತ್ತಿದ್ದೆ. ಬೆರಳು ಕಡಿಮೆಯಾದಷ್ಟೂ ಮಂಡಿ ವಾಸಿ. ಮೊದಲ ದಿನ, ಸೋಮವಾರ, ಎಂಟು.

ಎಸ್ಸೆಸ್ಸೆಲ್ಸಿ ಮುಗಿಸಿ ಮೇಲೂರಿನ ಮನೆಯಲ್ಲಿದ್ದ ಕಾಲ ಅದು. ಊರಿಗೆ ಕರೆಂಟ್ ಕಂಬಗಳು ಬಂದಿದ್ದವು, ತಂತಿ ಬಂದಿರಲಿಲ್ಲ. ಮನೆಯ ಹಿಂದಿನ ಉದ್ದನೆಯ ಕೋಣೆಯೇ ಹುಳುಮನೆ. ಮಧ್ಯಾಹ್ನ ಅದರೊಳಗೆ ಹೋದರೆ ಹೊತ್ತು ನಿಂತುಹೋದಂತೆ ಇರುತ್ತಿತ್ತು. ಮಬ್ಬು ಬೆಳಕು, ಹಸಿ ಸೊಪ್ಪಿನ ವಾಸನೆ, ಸಾವಿರಾರು ರೇಷ್ಮೆಹುಳುಗಳು ಮೇಯುವ ಸದ್ದು. ಯಾರೋ ಎಲ್ಲೋ ಕುಳಿತು ಕಾಗದವನ್ನು ಮೆಲ್ಲಗೆ ಮಡಚುತ್ತಲೇ ಇರುವಂತೆ.

ಆ ಸದ್ದನ್ನು ಓದಬಲ್ಲವಳು ಅಜ್ಜಿ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ, ಎಂದರೆ ಮೇಯುವುದು ಬಿಟ್ಟು ಅಲ್ಲಾಡದೆ ಇದ್ದಾಗ, ಸೊಪ್ಪು ಹಾಕಿದರೆ ಬೆಳೆ ಕೆಡುತ್ತದೆ. ಆ ಗಳಿಗೆ ಹತ್ತಿರ ಬಂತೆಂದು ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಆದರೆ ಹುಳು ಮೇಯುವ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಿದ್ದೆವು, ಕೆಳಗಿನ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತರೆ ಯಾರಾದರೂ ಕೈ ಕೊಡದೆ ಅವಳಿಗೆ ಏಳಲು ಆಗುತ್ತಿರಲಿಲ್ಲ.

"ಮುಂದಿನ ಬೆಳೆಗೆ ಕೂಲಿಯವಳನ್ನ ಹಾಕ್ತೀನಮ್ಮ," ಎಂದ ಚಿಕ್ಕಪ್ಪ. ಬೇಸಾಯವೆಲ್ಲ ಅವನದೇ. "ನೀನು ಜಗಲಿ ಮೇಲೆ ಆರಾಮಾಗಿ ಕೂತ್ಕೋ."

"ಜಗಲಿ ಮೇಲೆ ನಂಗೇನೋ ಕೇಳುಸ್ತದೆ? ನಿನ್ನ ಗೊರಕೆನಾ?"

ನಕ್ಕರೂ ಅವಳ ಮುಖ ಇಳಿದಿತ್ತು. ಮಂಡಿ ಮಡಿಯುವಂತೆ ಮಾಡಲೇಬೇಕೆಂದು ಅಂದೇ ಗೆರೆ ಎಳೆದು ಪುಟ ಸಿದ್ಧ ಮಾಡಿದೆ.

ಮೊದಲು ಚಿಕ್ಕಬಳ್ಳಾಪುರದ ಆಸ್ಪತ್ರೆ. ಮಂಡಿ ಸವೆದಿದೆ ಎಂದರು. ಅಲ್ಲಿನ ನರ್ಸಮ್ಮ ಮಂಡಿಯ ಕೆಳಗೆ ಮಡಚಿದ ಟವಲಿಟ್ಟು, ಎಣ್ಣೆಯಿಲ್ಲದ ಒಣಗೈಯಲ್ಲೇ ಮಂಡಿಚಿಪ್ಪನ್ನು ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಸರಿಸಿ ತೋರಿಸಿದರು. ನೀರಿನ ಮೇಲಿನ ಎಲೆಯನ್ನು ದೂಡುವಷ್ಟು ಮೆತ್ತಗೆ. ಹತ್ತು ದಿನ ನಾನೇ ಮಾಡಿದೆ. ಎಂಟು ಬೆರಳು ಏಳಾಯಿತು.

ಆಮೇಲೆ ಶಿಡ್ಲಘಟ್ಟದ ಗರಡಿಯ ಉಸ್ತಾದರು. ಅವರು ಮಂಡಿಯ ಮೇಲೆ ಬಟ್ಟೆ ಹೊದಿಸಿ, ಪಾದದ ಹರಡು ಹಿಡಿದು ಕಾಲನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆಯುವವರು.

"ಈ ಕಾಲು ನಂದು ಅಂದ್ಕೊಂಬಿಡಿ ಅಮ್ಮಾ, ಬಿಗಿ ಹಿಡೀಬೇಡಿ."

"ನಿಂದೇ ಆದ್ರೆ ನೋವೂ ನೀನೇ ಇಟ್ಕೊಳಪ್ಪ," ಎಂದಳು ಅಜ್ಜಿ.

ಎಳೆದ ದಿನ ಐದು ಬೆರಳು, ಮಾರನೆಯ ದಿನ ಮತ್ತೆ ಏಳು. ಮೂರು ಸಲವೂ ಹೀಗೇ.

ಅಷ್ಟರಲ್ಲಿ ಆ ಬೆಳೆ ಮುಗಿದು, ರೇಷ್ಮೆಗೂಡು ಬಿಡಿಸಿ ಮಾರಿ, ಹುಳುಮನೆ ತೊಳೆದು ಖಾಲಿ ಬಿಟ್ಟೆವು. ಆಗ ಬಂದವಳು ಚಿಂತಾಮಣಿ ಕಡೆಯ ಮುದುಕಿ, ಬಾಣಂತಿಯರಿಗೆ ಎಣ್ಣೆ ನೀವುವವಳು. ಬೆಳ್ಳುಳ್ಳಿ ಕಾಯಿಸಿದ ಹರಳೆಣ್ಣೆ ಹಚ್ಚಿ, ಮೀನಖಂಡದಿಂದ ತೊಡೆಯವರೆಗೆ ಉದ್ದಕ್ಕೂ ನೀವಿ, ಹೆಬ್ಬೆರಳಿನಿಂದ ಚಿಪ್ಪಿನ ಸುತ್ತ ಸುತ್ತುತ್ತಿದ್ದಳು. "ನೊಪ್ಪಿ ಪೋತುಂದಮ್ಮಾ, ಪೋತುಂದಿ," ನೋವು ಹೋಗುತ್ತೆ ಎಂದು ತೆಲುಗಿನಲ್ಲಿ, ನೋವನ್ನು ಬಾಗಿಲವರೆಗೆ ಕಳಿಸಿಕೊಡುವ ಹಾಗೆ ಹೇಳುತ್ತಿದ್ದಳು. ಕೇಳುತ್ತ ಅಜ್ಜಿಗೂ ಜೊಂಪು, ನನಗೂ ಜೊಂಪು. ಹನ್ನೆರಡು ದಿನಕ್ಕೆ ಮೂರೇ ಬೆರಳು!

"ಎಣ್ಣೆನೇ ಗೆದ್ದಿದ್ದು," ಎಂದು ಪುಟ ತೋರಿಸಿದೆ. ಎಣ್ಣೆ ಬಿಡಬಾರದೆಂದು ಎಲ್ಲರೂ ಒಪ್ಪಿದರು. ಮುದುಕಿ ಒಂದು ಸೀಸೆ ಕೊಟ್ಟು ಹೋದಳು.

ಹೊಸ ಮರಿಗಳು ಬಂದ ಬೆಳಿಗ್ಗೆ ಅಜ್ಜಿ ಕೋಲಿಲ್ಲದೆ ನಡೆದುಬಂದಳು. ಚಿಕ್ಕಪ್ಪ ಹೊಸ್ತಿಲಲ್ಲೇ ತಡೆದ.

"ಬೆಳ್ಳುಳ್ಳಿ ಘಾಟು ಹೊಡೀತದಲ್ಲಮ್ಮ! ಹುಳುಮನೆಗೆ ಒಗ್ಗರಣೆ ವಾಸನೆ ಕೂಡ ಸೇರ್ಸಲ್ಲ ಅಂತ ಹೇಳ್ಕೊಟ್ಟೋಳೇ ನೀನು."

ಅಜ್ಜಿ ವಾಸಿಯಾದ ಮಂಡಿಯನ್ನು ಚಾಚಿಕೊಂಡು ಹೊರಗೆ ಗೋಡೆಗೆ ಕಿವಿಯಾನಿಸಿ ಕುಳಿತಳು. ನಾಲ್ಕು ದಿನ ಹಾಗೇ. "ಏನಾದ್ರೂ ಕೇಳುಸ್ತದಾ ಅಜ್ಜಿ?" ಎಂದರೆ, "ಗೋಡೆ ಕೇಳುಸ್ತದೆ ಕಣೇ," ಎನ್ನುತ್ತಿದ್ದಳು.

ನಾಲ್ಕನೆಯ ದಿನ, ಶುಕ್ರವಾರ, ಪುಟವನ್ನು ಮತ್ತೆ ಓದಿದೆ. ಒಣಗೈಯ ಹತ್ತು ದಿನವೂ, ಉಸ್ತಾದರ ದಿನಗಳಲ್ಲೂ ಅಜ್ಜಿ ಕೆಳಗಿನ ತಟ್ಟೆಗಳ ಮುಂದೆ ಕೂತು ಎದ್ದು ಮಾಡುತ್ತಿದ್ದಳು. ಎಣ್ಣೆಯ ದಿನಗಳಲ್ಲಿ ಮಾತ್ರ ಹುಳುಮನೆ ಖಾಲಿ, ಅಜ್ಜಿಗೆ ಬಿಡುವು. ಗೆದ್ದದ್ದು ಎಣ್ಣೆಯೋ ಬಿಡುವೋ ಹೇಳುವಂತಿರಲಿಲ್ಲ. ವಾರ ಬರೆದಿದ್ದೆ, ಬೆರಳು ಬರೆದಿದ್ದೆ, ಅವಳು ಆ ದಿನ ಏನು ಮಾಡುತ್ತಿದ್ದಳೆಂದು ಬರೆದಿರಲಿಲ್ಲ.

ನಾಚಿಕೆಯಿಂದಲೇ ಚಿಕ್ಕಪ್ಪನಿಗೆ ಹೇಳಿದೆ.

"ಹಂಗಾದ್ರೆ ಹನ್ನೊಂದು ಪುಟ ಏನಮ್ಮ ಬರೆದಿದ್ದು? ರಂಗೋಲಿನಾ?"

"ಎಣ್ಣೆ ನಿಲ್ಲಿಸಿ ಒಣಗೈಲಿ ಮಾಡ್ತೀನಿ ಚಿಕ್ಕಪ್ಪ. ಕುಕ್ಕರಗಾಲು ಬೇಡ, ಮಣೆ ಹಾಕಿ ಕೂರಿಸ್ತೀನಿ. ಬೆರಳು ಎಂಟಕ್ಕೆ ಹೋದ್ರೆ ಅವತ್ತೇ ಜಗಲಿಗೆ ಕಳ್ಸು."

ಅವನು ಅಜ್ಜಿಯತ್ತ ನೋಡಿದ. ಅವಳು ಆಗಲೇ ಸೀಗೆಪುಡಿ ಹಚ್ಚಿ ಕಾಲು ಉಜ್ಜುತ್ತಿದ್ದಳು.

ಅವತ್ತಿಂದ ಇನ್ನೊಂದು ಗೆರೆ ಎಳೆದು ಅವಳು ಸರಿಮಾಡಿದ ತಟ್ಟೆಗಳನ್ನೂ ಬರೆದೆ. ಶನಿವಾರ ನಾಲ್ಕು ಬೆರಳು, ಆರು ತಟ್ಟೆ. ಸೋಮವಾರ ಐದು ಬೆರಳು, ಒಂಬತ್ತು ತಟ್ಟೆ. ಆಮೇಲೆ ಐದರಲ್ಲೇ ನಿಂತಿತು. ಮೂರಕ್ಕೆ ಮತ್ತೆ ಇಳಿಯಲೇ ಇಲ್ಲ.

"ಮೂರು ಬೇಕಾದ್ರೆ ಬೆಳೆ ಮುಗಿದ್ಮೇಲೆ ಎಣ್ಣೆ ಹಚ್ಚು," ಎಂದಳು ಅಜ್ಜಿ. "ಈಗ ಐದು ಸಾಕು ನಂಗೆ."

ನಾಲ್ಕನೆಯ ಜ್ವರದ ಹೊತ್ತಿಗೆ ಹುಳುಮನೆಯಲ್ಲಿ ನಾನು ಅವಳ ಮುಂದೆ ಕುಳಿತು ಚಿಪ್ಪು ಸರಿಸುತ್ತಿದ್ದೆ. ಮೇಲೆ, ಕೆಳಗೆ. ಸೊಪ್ಪಿನ ಬುಟ್ಟಿ ಹೊತ್ತು ಚಿಕ್ಕಪ್ಪ ಬಂದ. ನನ್ನ ಕಿವಿಗೆ ಮೇಯುವ ಸದ್ದು ಮೊದಲಿನ ಹಾಗೇ ಇತ್ತು. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿ ಕಣ್ಣು ಮುಚ್ಚಿದಳು.

"ಹಾಕ್ಬೇಡ ಕಣೋ. ಕೂರ್ತಾ ಅವೆ."

ಚಿಕ್ಕಪ್ಪ ಬುಟ್ಟಿ ಇಳಿಸಿದ. ಕಾಗದ ಮಡಚುವ ಸದ್ದು ಒಂದೊಂದೇ ತಟ್ಟೆಯಲ್ಲಿ ತೆಳುವಾಗುತ್ತ ಹೋಯಿತು.