ಬೂದಿಗೆ ಸೊಪ್ಪು ತಂದ ಬೇಸಿಗೆ

ಲಾಕ್‌ಡೌನಿನ ಆ ದಿನಗಳನ್ನು ನನ್ನ ವಯಸ್ಸಿನವರು ಇಂದಿಗೂ ಖುಷಿಯಿಂದ ನೆನೆಯುತ್ತಾರೆ. ಪರೀಕ್ಷೆಯಿಲ್ಲದೆ ಪಾಸಾಗಿದ್ದು, ಮಧ್ಯಾಹ್ನವಿಡೀ ಚೌಕಾಬಾರ ಆಡಿದ್ದು. ನನಗೆ ಮಾತ್ರ ಹಸಿದ ಹಂದಿಗಳ ಕೂಗು ನೆನಪಾಗುತ್ತದೆ.

ಆಗ ನನಗೆ ಹನ್ನೆರಡು. ರಾಂಪುರದ ಹೊರಗೆ, ಬಳ್ಳಾರಿ ರಸ್ತೆಗೆ ಒತ್ತಿಕೊಂಡಂತೆ ನಮ್ಮ ಮನೆ, ಹಿತ್ತಲಲ್ಲಿ ಹಂದಿಗೂಡು. ಅಪ್ಪ ದಿನಾ ಆಟೋದಲ್ಲಿ ಹೋಟೆಲು, ಡಾಬಾಗಳ ಮುಸುರೆ ತಂದು ಸುರಿಯುತ್ತಿದ್ದ. ಅವೆಲ್ಲ ಬಾಗಿಲು ಹಾಕಿದವು. ಕೂಡಿಟ್ಟಿದ್ದ ತೌಡೂ ತಿಂಗಳಲ್ಲಿ ಮುಗಿಯಿತು. ಬೂದಿ ಎಂದು ನಾವು ಕರೆಯುತ್ತಿದ್ದ ಹೆಣ್ಣುಹಂದಿ ಆಗಷ್ಟೇ ಒಂಬತ್ತು ಮರಿ ಹಾಕಿತ್ತು. ಹೊಟ್ಟೆಗಿಲ್ಲದೆ ಅದರ ಹಾಲು ಬತ್ತಿತು. ಮರಿಗಳು ಒಣ ಮೊಲೆಯನ್ನು ಎಳೆದೆಳೆದು ಕಿರುಚುತ್ತಿದ್ದವು.

"ಜಾಲಿಗಿಡದ ಕಡಿಗೆ ಬಿಟ್ಬಿಡ್ತೀನಿ, ಏನಾರ ತಿನ್ಕಳ್ಳಿ," ಅಂದ ಅಪ್ಪ.

"ಹೊಲಕ್ಕೆ ನುಗ್ಗಿದ್ರೆ ಹೊಡ್ದಾಕ್ತಾರೆ. ಬ್ಯಾಡ," ಅಂದಳು ಅವ್ವ.

ಆಂಧ್ರ ಗಡಿಯ ಹತ್ತಿರ ಮಾವಿನ ತಿರುಳು ತೆಗೆಯುವ ಸಣ್ಣ ಕಾರ್ಖಾನೆಯೊಂದು ನಡೆಯುತ್ತಿತ್ತು. ಅದರ ಹಿಂದೆ ಸಿಪ್ಪೆ, ಗೊರಟೆಗಳ ಗುಡ್ಡೆ. ಅವ್ವ, ನಾನು ತಳ್ಳುಗಾಡಿ ಒಯ್ದು ತುಂಬಿಕೊಂಡು ಬಂದೆವು. ಸೊನೆ ತಾಗಿ ಕೈಯೆಲ್ಲ ಉರಿಯುತ್ತಿತ್ತು. ಆ ಸಿಹಿ ವಾಸನೆ ತಾಳಲಾರದೆ ದಾರಿಯಲ್ಲಿ ನಾನೂ ಒಂದು ಗೊರಟೆ ಚೀಪಿದೆ. ಬೂದಿ ಚಪ್ಪರಿಸಿ ತಿನ್ನುವುದನ್ನು ನೋಡಿ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಉಳಿದದ್ದನ್ನು ಚೀಲದಲ್ಲೇ ಇಟ್ಟೆವು. ಮೂರನೆಯ ದಿನಕ್ಕೆ ಅದು ಹುಳಿ ಬಂದು ಹೆಂಡದಂತೆ ನಾರುತ್ತಿತ್ತು. ಬೇರೇನೂ ಇರಲಿಲ್ಲ, ಅದನ್ನೇ ಇಕ್ಕಿದೆವು. ಹಸಿದ ಮರಿಗಳೂ ನೆಕ್ಕಿದವು. ಮರುದಿನ ಬೆಳಿಗ್ಗೆ ಬೂದಿಯ ಹೊಟ್ಟೆ ಉಬ್ಬಿತ್ತು. ಅದರ ಮಗ್ಗುಲಲ್ಲಿ ನಾಲ್ಕು ಮರಿಗಳು ತಣ್ಣಗಾಗಿದ್ದವು.

"ನನ್ನ ಕೈಯಾರೆ ಇಕ್ಕಿದ್ನಲ್ಲೇ," ಎಂದು ಅವ್ವ ಹಣೆ ಬಡಿದುಕೊಂಡಳು. ಅಪ್ಪ ಗುಂಡಿ ತೋಡಿದ.

ಅಪ್ಪನ ಅವ್ವ, ನಮ್ಮಜ್ಜಿ, ಆಂಧ್ರದ ಕಡೆಯವಳು. ಅವಳಾಡುವ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು. "ಬರೀ ಸಿಪ್ಪೆ ಇಕ್ಕಿದ್ರೆ ಹೊಟ್ಟೆ ತಡೀತೈತಾ? ಅವತ್ತಿಂದು ಅವತ್ತೇ ಒಣಗ್ಸು. ಆಕು ಕೂಡ್ಸಿ ಬೇಯ್ಸಿ ಇಕ್ಕು," ಅಂದಳು.

ಆಕು ಅಂದರೆ ಸೊಪ್ಪು. ಆ ಬಿಸಿಲಲ್ಲಿ ಹಸಿರೆಲ್ಲಿಂದ ತರುವುದು? ನಮ್ಮ ಒಂದೇ ನುಗ್ಗೆಮರ ಎರಡು ದಿನಕ್ಕೆ ಬೋಳಾಯಿತು. ಕೊನೆಗೆ ನನ್ನ ಗೆಳತಿ ಕಾವ್ಯಾಳ ಮನೆಯವರ ದಾಳಿಂಬೆ ತೋಟಕ್ಕೆ ನುಸುಳಿದೆ. ಹನಿ ನೀರಿನ ಪೈಪುಗಳ ಪಕ್ಕ ಕಾಡು ಕೀರೆ ಸೊಪ್ಪು ಹಬ್ಬಿತ್ತು. ಮಡಿಲು ತುಂಬುವಷ್ಟರಲ್ಲಿ ಕಾವ್ಯಾಳ ಅವ್ವ ಬಂದರು.

"ಯಾಕವ್ವ ಸೊಪ್ಪು?"

ಹಂದಿಗೆ ಎನ್ನಲು ಬಾಯಿ ಬರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅವರ ಮಗಳೊಬ್ಬಳೇ.

"ಮನೆಗೆ ಕಣ್ರಿ, ಸಾರಿಗೆ," ಎಂದೆ.

ಅವರು ಓಡಿಬಂದು ನನ್ನ ಮಡಿಲನ್ನೇ ಕೊಡವಿದರು. "ಅಯ್ಯೋ, ನಿನ್ನೆ ತಾನೆ ಕಳೆಗೆ ಔಷಧಿ ಹೊಡ್ದೈತೆ! ತಿಂದ್ರೆ ಸತ್ತೋಗ್ತೀರ!" ತಮ್ಮ ಹಿತ್ತಲಿನ ನುಗ್ಗೆಸೊಪ್ಪು ಕಿತ್ತು ಚೀಲ ತುಂಬಿಕೊಟ್ಟರು. "ಹಸ್ಕಂಡಿರಬ್ಯಾಡ್ರಿ. ನಾಳೆನೂ ಬಾ."

ದಿನಾ ಹೋದೆ. ದಿನಾ ಸುಳ್ಳು ಹೇಳಿದೆ. ಒಣಗಿಸಿದ ಸಿಪ್ಪೆಯ ಜೊತೆ ಸೊಪ್ಪು ಬೆಂದ ಗಂಜಿ ಕುಡಿದು ಬೂದಿ ಎದ್ದು ನಿಂತಿತು. ಆದರೆ ಹಾಲು ಮರಳುವ ಹೊತ್ತಿಗೆ ಮತ್ತೆ ಮೂರು ಮರಿ ಹೋಗಿದ್ದವು.

ಒಂದು ದಿನ ಜ್ವರ ಬಂದು ನಾನು ಹೋಗಲಿಲ್ಲ. ಸಂಜೆ ಕಾವ್ಯಾಳೇ ಚೀಲ ಹೊತ್ತು ಹಿತ್ತಲಿಗೆ ಬಂದಳು. ಜ್ವರ ಇಳಿದು ಎದ್ದಿದ್ದ ನಾನು ಗೂಡಿನ ತೊಟ್ಟಿಗೆ, ಹಿಂದಿನ ದಿನ ತಂದಿದ್ದ ಅವರ ಮನೆಯ ಸೊಪ್ಪಿನ ಗಂಜಿ ಸುರಿಯುತ್ತಿದ್ದೆ. ಅವಳು ತೊಟ್ಟಿ ನೋಡಿದಳು, ನನ್ನ ನೋಡಿದಳು.

"ಅವ್ವ ನಿಮಗೇ ಅಂತ ಅಳ್ತಾ ಕೊಟ್ಟಾಳೆ ಕಣೇ," ಅಂದಳು. ಚೀಲ ಕೆಳಗಿಟ್ಟು ಹೋದಳು. ಶಾಲೆ ತೆರೆದಾಗ ಬೇರೆ ಬೆಂಚಿನಲ್ಲಿ ಕೂತಳು.

ಈಗ ಹಂದಿಗೂಡಿಲ್ಲ. ಬೂದಿಯನ್ನೂ ಉಳಿದೆರಡು ಮರಿಗಳನ್ನೂ ಮಾರಿದ ಅಪ್ಪ ಈಗ ತರಕಾರಿ ಸಾಗಿಸಲು ಬಾಡಿಗೆಗೆ ಆಟೋ ಓಡಿಸುತ್ತಾನೆ. ಅಜ್ಜಿ ತೀರಿಕೊಂಡಳು. ಕಾಲೇಜಿನಲ್ಲಿ ನನಗೆ ಗೆಳತಿಯರಿದ್ದಾರೆ, ಒಳ್ಳೆಯವರು. ಅವರಲ್ಲಿ ಯಾರೂ ನಮ್ಮ ಮನೆ ನೋಡಿಲ್ಲ. ನಾನೇ ಕರೆದಿಲ್ಲ.