ಪಂಚಾಕ್ಷರಯ್ಯನವರ ಮನೆಗೆ ಬಂದ ಪುಕ್ಕಟೆ ಆಟ

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಪಂಚಾಕ್ಷರಯ್ಯನವರಷ್ಟು ಅನುಮಾನದ ಮನುಷ್ಯ ಇನ್ನೊಬ್ಬರಿರಲಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದಷ್ಟು ಕಾಲವೂ ಸಂಜೆ ಬಾಗಿಲು ಹಾಕುವಾಗ ಮೈನ್ ಬೋರ್ಡಿನ ಫ್ಯೂಸ್ ಕಿತ್ತು ಜುಬ್ಬದ ಜೇಬಿಗೆ ಹಾಕಿಕೊಂಡೇ ಮನೆಗೆ ಬರುತ್ತಿದ್ದರು. ಅದು ಅವರಪ್ಪ ಕಲಿಸಿದ್ದು. ಬೀಗ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಮತ್ತೆ ಜಗ್ಗುವುದು ಮಾತ್ರ ತಾವೇ ಸೇರಿಸಿಕೊಂಡದ್ದು. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಈ ಕಾವಲೆಲ್ಲ ಮನೆಯ ಕಡೆ ತಿರುಗಿತು.

ಎರಡು ಸಾವಿರದ ಒಂಬತ್ತರಲ್ಲಿ ಹೆಂಡತಿ ದಾಕ್ಷಾಯಣಮ್ಮನಿಗೆ ಲಕ್ವ ಹೊಡೆದು ಬಲಗೈ ಸೋತಿತು. "ಬೆರಳಿಗೆ ಕೆಲಸ ಕೊಡಿ, ಕೈ ಬರುತ್ತೆ" ಎಂದರು ಹಾಸನದ ಡಾಕ್ಟರು. ಪಂಚಾಕ್ಷರಯ್ಯನವರು ಕೊಡಬೇಕಲ್ಲ! ಒಮ್ಮೆ ಸಾರಿನ ಪಾತ್ರೆ ಜಾರಿದ್ದೇ ಸಾಕಾಯಿತು, ಆ ಕೈಯ ಮೇಲೂ ಅನುಮಾನ ಹುಟ್ಟಿತು. ಆಕೆ ಕಾಫಿ ಲೋಟ ಹಿಡಿಯಹೋದರೆ "ಬಿಡು, ಬೀಳಿಸ್ತೀಯ" ಎಂದು ಕಸಿದುಕೊಳ್ಳುತ್ತಿದ್ದರು. ಅಕ್ಕರೆಯಿಂದಲೇ ಇರಬಹುದು. ಆಕೆಗೆ ಮಾತ್ರ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ನಿಧಿ ರಜಕ್ಕೆ ಬಂದವಳು ಇದನ್ನು ನೋಡಿ ಒಂದು ಉಪಾಯ ಹುಡುಕಿದಳು. ಮನೆಯ ಕಂಪ್ಯೂಟರ್ ವೈರಸ್ ಹೊಕ್ಕು ಕೆಟ್ಟಾಗ ಅವಳೇ ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದಳು. ಈಗ ಅದಕ್ಕೊಂದು ಆಟ. ನೀಲಿ ಅಂಗಿಯ ಪುಟಾಣಿ ಮನುಷ್ಯ ಕಟ್ಟೆಯಿಂದ ಕಟ್ಟೆಗೆ ನೆಗೆಯಬೇಕು. ಬೆರಳು ಒಂಚೂರು ತಡವಾದರೂ ಹಳ್ಳಕ್ಕೆ ಬಿದ್ದು ಮೊದಲಿಂದ ಶುರು. ಅಮ್ಮ ಅದನ್ನು ಬಲಗೈಯಲ್ಲೇ ಆಡಬೇಕೆಂಬುದು ಅವಳ ಲೆಕ್ಕ.

"ಎಷ್ಟಂತೆ ಇದಕ್ಕೆ?"

"ಪುಕ್ಕಟೆ ಅಪ್ಪಾಜಿ. ಯಾರೋ ಒಬ್ಬನೇ ಕೂತ್ಕಂಡು ಮಾಡಿ ಎಲ್ಲಾರ್ಗೂ ಕೊಟ್ಟವ್ನೆ."

"ಲಿನಕ್ಸೂ ಪುಕ್ಕಟೆ, ಆಟಾನೂ ಪುಕ್ಕಟೆ! ಸುಮ್‌ಸುಮ್ನೆ ಯಾವನ್ ಕೊಡ್ತಾನೆ? ಒಳಗೇನೋ ಐತೆ ಕಣಮ್ಮ."

ಹಾಕಲು ಹೊರಟರೆ ಪಾಸ್‌ವರ್ಡ್ ಕೇಳಿತು. ಲಿನಕ್ಸ್ ಹಾಕಿದ ದಿನವೇ ಅದನ್ನು ತಾವೇ ಗುಟ್ಟಾಗಿ ಇಟ್ಟಿದ್ದ ಪಂಚಾಕ್ಷರಯ್ಯನವರೊಬ್ಬರಿಗೇ ಅದು ಗೊತ್ತಿತ್ತು. ತಾಯಿ ಮಗಳನ್ನು ಅಡುಗೆಮನೆಗೆ ಅಟ್ಟಿ, ಕೀಬೋರ್ಡಿಗೆ ಮೈ ಅಡ್ಡ ಮಾಡಿಕೊಂಡು ಒತ್ತಿದರು. ಪರದೆಯ ತುಂಬ ಬಿಳಿ ಅಕ್ಷರದ ಸಾಲುಗಳು ಓಡತೊಡಗಿದವು. ಆಟ ಒಂದೇ ಬಂದರೆ ನಡೆಯುತ್ತಿರಲಿಲ್ಲ, ಅದಕ್ಕೆ ಬೇಕಾದ ಸಣ್ಣಪುಟ್ಟ ಫೈಲುಗಳೆಲ್ಲ ಫೋನ್ ವೈರಿನಲ್ಲಿ ಬರುವ ಇಂಟರ್ನೆಟ್ಟಿನಿಂದ ಇಳಿಯಬೇಕಿತ್ತು. "ಓಡ್ತಾ ಇರ್ಲಿ" ಎಂದು ನಿಧಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು. ಉಂಡು ಬಂದರೆ ಅರ್ಧಕ್ಕೆ ನಿಂತಿತ್ತು. ಮಾರನೆಯ ದಿನವೂ ಅದೇ ಕಥೆ. ಅರ್ಧ ಬಂದದ್ದನ್ನು ಸರಿಮಾಡದೆ ಮುಂದೆ ಹೋಗುವುದಿಲ್ಲ ಎಂದು ಅದರ ಹಟ ಬೇರೆ.

"ಪಕ್ಕದ್ಮನೆ ಗಂಗಯ್ಯ ನಮ್ ಫೋನ್ ವೈರಿಗೆ ಕೊಕ್ಕೆ ಹಾಕವ್ನೆ" ಎಂದು ಪಂಚಾಕ್ಷರಯ್ಯನವರು ಅವನ ತಾರಸಿ ಹತ್ತಿ ನೋಡಿಬಂದರು. ಅಲ್ಲಿ ಹಪ್ಪಳ ಒಣಹಾಕುತ್ತಿದ್ದ ಗಂಗಯ್ಯ ಇವರಿಗೂ ಒಂದಿಷ್ಟು ಕೊಟ್ಟ. ಕೇಳದೆಯೇ ಕೊಟ್ಟನಲ್ಲ ಎಂದು ಅನುಮಾನ ಇನ್ನೂ ಗಟ್ಟಿಯಾಯಿತು.

ಮೂರನೆಯ ಸಲ ಊಟಕ್ಕೆ ಕೂತಾಗ ಅಪ್ಪನ ಜುಬ್ಬದ ಜೇಬಿನಿಂದ ಬೂದು ಬಣ್ಣದ ವೈರು ಇಣುಕುತ್ತಿದ್ದುದನ್ನು ನಿಧಿ ಕಂಡಳು. ಕಂಪ್ಯೂಟರಿಗೆ ಇಂಟರ್ನೆಟ್ ಕೊಡುವ ಮೋಡೆಮ್ಮಿನ ಫೋನ್ ವೈರು!

"ಅಪ್ಪಾಜಿ, ದಿನಾ ಕೀಳ್ತಿದ್ರಾ?"

"ಮತ್ತೆ? ಬಾಗ್ಲು ತೆಗೆದಿಟ್ಟು ಉಣ್ಣಾಕ್ ಬರಾಕಾಯ್ತದಾ? ಉಂಡಾದ್ಮೇಲೆ ನಿಮಗಿಂತ ಮುಂಚೆ ಹೋಗಿ ಸಿಗಿಸಿಲ್ವಾ? ಒಂದ್ಸಲ ಶುರುವಾದ್ಮೇಲೆ ವೈರ್ಯಾಕೆ ಅಂತ..."

ಮಗಳಿಗೆ ನಗು ತಡೆಯಲಾಗಲಿಲ್ಲ. ದಾಕ್ಷಾಯಣಮ್ಮ ನಗಲಿಲ್ಲ. "ಗಂಗಯ್ಯನ ಮ್ಯಾಲೆ ಅನುಮಾನ, ಆ ಆಟ ಮಾಡಿದೋನ ಮ್ಯಾಲೆ ಅನುಮಾನ, ಇರ್ಲಿ. ನನ್ ಕೈ ನಿಮ್ಗೇನ್ ಮಾಡಿತ್ರೀ?" ಎಂದರು.

ಪಂಚಾಕ್ಷರಯ್ಯನವರು ಅರ್ಧ ಊಟಕ್ಕೇ ಕೈ ತೊಳೆದರು. ವೈರು ಸಿಕ್ಕಿಸಿ, ಆಟ ಪೂರ್ತಿ ಇಳಿಯುವ ತನಕ ಮೋಡೆಮ್ಮಿನ ಪಕ್ಕದಿಂದ ಏಳಲಿಲ್ಲ.

ಆಮೇಲೆ ವಾರಗಟ್ಟಲೆ ಆ ಪುಟಾಣಿ ಮನುಷ್ಯ ಹಳ್ಳಕ್ಕೆ ಬೀಳುತ್ತಲೇ ಇದ್ದ. ದಾಕ್ಷಾಯಣಮ್ಮ ಬೈದುಕೊಂಡು ಮತ್ತೆ ನೆಗೆಸುತ್ತಿದ್ದರು. ಒಂದು ಮಧ್ಯಾಹ್ನ ಅವನು ಮೊದಲನೆಯ ಹಳ್ಳ ದಾಟಿದ. ಆಕೆ ಎದ್ದು ಅಡುಗೆಮನೆಗೆ ಹೋಗಿ, ಬಲಗೈಯಲ್ಲಿ ಕಾಫಿ ಲೋಟ ಹಿಡಿದು ಬಂದರು. ಲೋಟ ನಡುಗುತ್ತಿತ್ತು. ಪಂಚಾಕ್ಷರಯ್ಯನವರ ಕೈ ತಾನಾಗಿ ಮುಂದೆ ಬಂತು. ತಟ್ಟನೆ ಎರಡೂ ಕೈಯನ್ನು ಜುಬ್ಬದ ಜೇಬಿಗೆ ತುರುಕಿಕೊಂಡರು. ಕಾಫಿ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಆಕೆ ಹತ್ತಿರ ಬಂದು "ತಗಳಿ" ಎನ್ನುವವರೆಗೂ ಅವರು ಕೈ ಹೊರಗೆ ತೆಗೆಯಲಿಲ್ಲ.